ನೋಡದೇ ಕೊಂಡ ಹಳೇ ಕಾರು: ಕಾಯಿಲೆ ಎಲ್ಲಿದೆ ಅಂತ ಪತ್ತೆ ಮಾಡೋದು ಹೇಗೆ

ಮೂರು ವರ್ಷದ ಹಿಂದೆ ಒಂದು ರಾತ್ರಿ, ಮೊಬೈಲ್‌ನಲ್ಲಿ ಹನ್ನೆರಡು ಫೋಟೊ ನೋಡಿ ನಾನು ಒಂದು ಪ್ರೀಮಿಯರ್ ಪದ್ಮಿನಿಗೆ ಮುಂಗಡ ಕಳಿಸಿದೆ. ಕಾರು ಇದ್ದದ್ದು ಮುಂಬೈ ಪಕ್ಕದಲ್ಲಿ, ನಾನಿದ್ದದ್ದು ಮೈಸೂರಿನಲ್ಲಿ. ಹಾಲಿನ ಬಣ್ಣ, ಹೊಳೆಯುವ ಬಂಪರ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ. ನಮ್ಮ ತಂದೆ ಓಡಿಸುತ್ತಿದ್ದ ಕಾರಿನ ಥರಾನೇ. ಒಂಬತ್ತು ದಿನದ ಮೇಲೆ ಅದು ಲಾರಿಯಿಂದ ಇಳಿಯಿತು. ನಮ್ಮ ಗ್ಯಾರೇಜಿನ ಸಾಬ್ರು ಬಂದವರು ಬಾನೆಟ್ ಕೂಡ ಎತ್ತಲಿಲ್ಲ. ಬಾಗಿಲ ಕೆಳಗಿನ ಪಟ್ಟಿಗೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. ಟಣ್ ಅನ್ನಲಿಲ್ಲ, ಡೊಬ್ ಅಂತು.

"ಸಾರ್, ಇದ್ರಲ್ಲಿ ತಗಡಿಗಿಂತ ಪುಟ್ಟಿನೇ ಜಾಸ್ತಿ ಐತೆ," ಅಂದರು. ಪುಟ್ಟಿ ಅಂದರೆ ಬಣ್ಣ ಹೊಡೆಯುವ ಮುಂಚೆ ತೂತು, ತಗ್ಗು ಮುಚ್ಚಲು ಮೆತ್ತುವ ಪೇಸ್ಟ್.

ಆ ಡೊಬ್ ಶಬ್ದ ನನಗೆ ಫೋಟೊದಲ್ಲೇ ಕೇಳಿಸಬೇಕಿತ್ತು. ಲಕ್ಷಣ ಅಲ್ಲೇ ಇತ್ತು, ನಾನು ನೋಡಿರಲಿಲ್ಲ ಅಷ್ಟೆ. ಅದಕ್ಕೇ ಕಾರು ಮನೆಗೆ ಬಂದ ಮೇಲಿನ ಕಾಯಿಲೆಗಳ ಜೊತೆಗೆ, ದುಡ್ಡು ಕೊಡುವ ಮುಂಚೆ ಜಾಹೀರಾತಿನಲ್ಲೇ ಕಾಣುವ ಕಾಯಿಲೆಗಳನ್ನೂ ಇಲ್ಲಿ ಬರೆದಿದ್ದೇನೆ. ಕುಳಿತಲ್ಲೇ ಪುಕ್ಕಟೆ ಮಾಡಬಹುದಾದ ಪರೀಕ್ಷೆಗಳು ಮೊದಲು, ಮೆಕ್ಯಾನಿಕ್ ಬೇಕಾಗುವಂಥವು ಆಮೇಲೆ. ಉದಾಹರಣೆಗಳು ಹೆಚ್ಚಾಗಿ ಪದ್ಮಿನಿ ಮತ್ತು ಅಂಬಾಸಿಡರ್‌ನವು. ನನಗೆ ಗೊತ್ತಿರುವ ಗಾಡಿಗಳು ಅವೇ.

ಲಕ್ಷಣ: ಬೆಲೆ ತೀರಾ ಕಡಿಮೆ, ಮಾರುವವರಿಗೆ ವಿಪರೀತ ಅವಸರ

ಇಲ್ಲಿ ಕಾಯಿಲೆ ಕಾರಿನದ್ದಲ್ಲ. ಎಷ್ಟೋ ಸಲ ಅಲ್ಲಿ ಕಾರೇ ಇರುವುದಿಲ್ಲ.

"ನಾನು ಸೇನೆಯಲ್ಲಿದ್ದೇನೆ, ಬೇರೆ ಊರಿಗೆ ವರ್ಗ ಆಗಿದೆ, ಕಾರು ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲಿದೆ, ಸಾಗಾಟದ ಖರ್ಚು ಮೊದಲು ಕಳಿಸಿ." ಈ ಮಾತು ಕೇಳಿದರೆ ಫೋನ್ ಇಟ್ಟುಬಿಡಿ. ಗುರುತಿನ ಚೀಟಿಯ ಫೋಟೊ ಕಳಿಸಿದರೂ ನಂಬಬೇಡಿ, ಅದು ಇನ್ಯಾರದ್ದೋ ಆಗಿರುತ್ತದೆ. "ದುಡ್ಡು ವಾಪಸ್ ಹಾಕ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ" ಅಂದರೆ ಇನ್ನೂ ಖಚಿತ. ದುಡ್ಡು ಪಡೆಯುವುದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ.

ಮಾಡಬೇಕಾದ ಪರೀಕ್ಷೆ ಒಂದೇ. ವಿಡಿಯೊ ಕರೆ ಮಾಡಿ, ಕಾರಿನ ನಂಬರ್ ಪ್ಲೇಟ್ ಪಕ್ಕದಲ್ಲಿ ಆ ದಿನದ ಪತ್ರಿಕೆ ಹಿಡಿಯಲು ಹೇಳಿ. ಕಾರು ಇರುವವರು ಬೈದುಕೊಂಡಾದರೂ ಹಿಡಿಯುತ್ತಾರೆ. ಆಗಲೇ ದುಡ್ಡು ಕಳಿಸಿ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ದುಡ್ಡು ಇನ್ನೂ ಖಾತೆಯಿಂದ ಖಾತೆಗೆ ಓಡಾಡುತ್ತಿರುವಾಗಲೇ ದೂರು ಹೋದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಲಕ್ಷಣ: ಹೆಸರು, ವರ್ಷ, ಇಂಜಿನ್ ಒಂದಕ್ಕೊಂದು ಹೊಂದುತ್ತಿಲ್ಲ

"1968ರ ಪದ್ಮಿನಿ, ವಿಂಟೇಜ್ ಕಾರು" ಅಂತ ಜಾಹೀರಾತು ನೋಡಿದ್ದೇನೆ. 1968ರಲ್ಲಿ ಪದ್ಮಿನಿ ಅನ್ನುವ ಹೆಸರೇ ಇರಲಿಲ್ಲ. ಬಾಂಬೆಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು 1964ರಲ್ಲಿ ಇದನ್ನು ಶುರುಮಾಡಿದಾಗ ಹೆಸರು ಫಿಯಟ್ 1100 ಡಿಲೈಟ್. ಆಮೇಲೆ ಸ್ವಲ್ಪ ಕಾಲ ಪ್ರೀಮಿಯರ್ ಪ್ರೆಸಿಡೆಂಟ್. 1974ರಿಂದ ಪದ್ಮಿನಿ. ಹಾಗಾದರೆ ಆ ಜಾಹೀರಾತಿನ ಕಾರು ಏನು? ಒಂದೋ ಹಳೇ ಫಿಯಟ್‌ಗೆ ಆಮೇಲೆ ಯಾರೋ ಪದ್ಮಿನಿಯ ಬ್ಯಾಡ್ಜ್ ಅಂಟಿಸಿದ್ದಾರೆ, ಅದು ದೊಡ್ಡ ಪಾಪವೇನಲ್ಲ. ಇಲ್ಲವೇ ಹಳೇ ಕಾರಿನ ಕಾಗದವನ್ನು ಹೊಸ ಕಾರಿಗೆ ತೊಡಿಸಿದ್ದಾರೆ. ಅದು ಅಪರಾಧ.

ಅಂಬಾಸಿಡರ್‌ನಲ್ಲೂ ಹೀಗೇ. 1489 ಸಿಸಿಯ ಹಳೇ ಪೆಟ್ರೋಲ್ ಇಂಜಿನ್ ತೆಗೆದು ಮೆಟಡಾರ್ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸಿದ ಗಾಡಿಗಳು ಬೇಕಾದಷ್ಟಿವೆ. ಆರ್‌ಸಿಯಲ್ಲಿ ಪೆಟ್ರೋಲ್ ಅಂತ ಇದ್ದು, ವಿಡಿಯೊದಲ್ಲಿ ಇಂಜಿನ್ ಟಕಟಕ ಅಂದರೆ ಅಲ್ಲೇ ನಿಲ್ಲಿಸಿ. ಆರ್‌ಟಿಒ ಮುಂದೆ ಆ ಕಾರು ನಿಲ್ಲುವುದಿಲ್ಲ.

"ವಿಂಟೇಜ್" ಅನ್ನುವ ಪದಕ್ಕೂ ಒಂದು ಮಾತು. ಕೇಂದ್ರ ಸರ್ಕಾರದ 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಕಾರು ಮೂಲ ರೂಪದಲ್ಲೇ ಇರಬೇಕು. ಹಾಗೆ ನೋಂದಾಯಿಸಿದರೆ ನಂಬರಿನ ನಡುವೆ "ವಿಎ" ಅನ್ನುವ ಅಕ್ಷರ ಬರುತ್ತದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, 10 ವರ್ಷಕ್ಕೆ ಮಾತ್ರ. ಆಮೇಲೆ ಆ ಕಾರನ್ನು ದಿನಾ ಆಫೀಸಿಗೆ ಒಯ್ಯುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. 1990ರ ಪದ್ಮಿನಿ ಎಷ್ಟೇ ಚೆಂದ ಇದ್ದರೂ ಕಾನೂನಿನ ಕಣ್ಣಿಗೆ ಅದು ಸುಮ್ನೆ ಒಂದು ಹಳೇ ಕಾರು. ವಿಂಟೇಜ್ ಅಂತ ಬೆಲೆ ಏರಿಸಿದರೆ ಕೊಡಬೇಡಿ.

ಲಕ್ಷಣ: ಆರ್‌ಸಿ ಮಾತು ಎತ್ತಿದರೆ ಜಾರಿಕೊಳ್ಳುತ್ತಾರೆ

"ಪೇಪರ್ ಎಲ್ಲಾ ಕ್ಲಿಯರ್ ಇದೆ ಸಾರ್." ಈ ವಾಕ್ಯಕ್ಕೆ ಯಾವ ಅರ್ಥವೂ ಇಲ್ಲ. ಇಂಜಿನ್ ಕೆಟ್ಟರೆ ಸರಿಮಾಡಬಹುದು, ಕಾಗದ ಕೆಟ್ಟರೆ ಕಾರು ಮನೆ ಮುಂದಿನ ಕೋಳಿಗೂಡು. ಅದಕ್ಕೇ ಈ ಭಾಗ ಸ್ವಲ್ಪ ಉದ್ದ.

ಮೊದಲು ಪುಕ್ಕಟೆ ಪರೀಕ್ಷೆ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ವಾಹನದ ವರ್ಗ, ಇಂಧನ, ನೋಂದಣಿ ಎಲ್ಲಿಯವರೆಗೆ, ವಿಮೆ ಇದೆಯಾ, ಎಲ್ಲ ಬರುತ್ತದೆ. ಏನೂ ಬರದಿದ್ದರೆ ಮೋಸ ಅಂತಲೇ ಅಲ್ಲ. ನಮ್ಮ ಎಂವೈ, ಎಂಇ, ಸಿಎ ಅಕ್ಷರಗಳಿಂದ ಶುರುವಾಗುವ ಹಳೇ ನಂಬರುಗಳು ಎಷ್ಟೋ ಇನ್ನೂ ಆರ್‌ಟಿಒದ ದಪ್ಪ ಪುಸ್ತಕದಲ್ಲೇ ಇವೆ, ಕಂಪ್ಯೂಟರಿಗೆ ಏರಿಲ್ಲ. ಆಗ ಮಾರುವವರೇ ಆರ್‌ಟಿಒಗೆ ಹೋಗಿ ದಾಖಲೆ ಏರಿಸಿ ಕೊಡಬೇಕು. "ನೀವೇ ಮಾಡಿಸ್ಕೊಳ್ಳಿ" ಅಂದರೆ ಒಪ್ಪಬೇಡಿ.

ಕಳುವಾದ ಗಾಡಿಯೇ ಅಂತ ನೋಡಲು ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ) ವಾಹನ ಸಮನ್ವಯ ಸೇವೆ ಇದೆ, ಅದೂ ಆನ್‌ಲೈನ್.

ಎರಡನೆಯದು, ಚಾಸಿ (ಗಾಡಿಯ ಅಡಿಚೌಕಟ್ಟು) ನಂಬರಿನ ಪೆನ್ಸಿಲ್ ಪ್ರಿಂಟ್. ಚಾಸಿ ನಂಬರ್ ಒತ್ತಿರುವ ಜಾಗದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಆರ್‌ಟಿಒದಲ್ಲೂ ಅದನ್ನೇ ಕೇಳುತ್ತಾರೆ. ಅದರ ಫೋಟೊ ಕೇಳಿ. ಅಂಕಿಗಳ ಎತ್ತರ ಒಂದೇ ಥರ ಇದೆಯಾ, ನಡುವೆ ಯಾವುದಾದರೂ ಅಂಕಿ ವಾಲಿದೆಯಾ, ಹಿಂದೆ ಗ್ರೈಂಡರ್ ಗೀರು ಕಾಣುತ್ತದೆಯಾ ನೋಡಿ. ಮಣ್ಣು, ಗ್ರೀಸ್ ಇದ್ದರೆ ಪರವಾಗಿಲ್ಲ. ಸುತ್ತಲೂ ತುಕ್ಕು ಇದ್ದು ನಂಬರ್ ಇರುವ ಜಾಗ ಮಾತ್ರ ಫಳಫಳ ಅಂದರೆ ಅನುಮಾನ ಪಡಿ.

ಮೂರನೆಯದು, ಆರ್‌ಸಿಯ ಎಲ್ಲ ಪುಟಗಳು. ನಾನು ಎಡವಿದ್ದು ಇಲ್ಲೇ. ಮೊದಲ ಪುಟದ ಫೋಟೊ ಮಾತ್ರ ಕೇಳಿದ್ದೆ. ಕಾರು ಬಂದ ಮೇಲೆ ಹಿಂದಿನ ಪುಟ ತಿರುಗಿಸಿದರೆ ಟ್ಯಾಕ್ಸಿಯಿಂದ ಖಾಸಗಿಗೆ ಬದಲಾಯಿಸಿದ ಸೀಲ್ ಇತ್ತು. ಇದರ ಕಥೆ ಮುಂದೆ ಹೇಳುತ್ತೇನೆ.

ಆರ್‌ಸಿಯಲ್ಲಿ ಯಾರ ಹೆಸರಿದೆ ಅನ್ನುವುದನ್ನೂ ನೋಡಿ. "ನಮ್ಮ ತಾತನ ಹೆಸರಲ್ಲಿದೆ" ಅನ್ನುವುದು ಹಳೇ ಕಾರಿನಲ್ಲಿ ಸಾಮಾನ್ಯ. ತಾತ ಇದ್ದಾರಾ ಅಂತ ಕೇಳಿ. ಇಲ್ಲದಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ನಿಮ್ಮ ಹೆಸರಿಗೆ. ತೀರಿಹೋದವರ ಸಹಿ ಇರುವ ಫಾರಂ 29 ಮತ್ತು 30 (ಹೆಸರು ವರ್ಗಾವಣೆಯ ಅರ್ಜಿಗಳು) ಕೊಟ್ಟರೆ ತೆಗೆದುಕೊಳ್ಳಲೇಬೇಡಿ. ಸಾಲದ ನಮೂದು ಇದ್ದರೆ ಅದನ್ನು ತೆಗೆಸುವ ಫಾರಂ 35 ಬೇಕು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಇಲ್ಲಿಗೆ ತಂದು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಕರ್ನಾಟಕದ ನಂಬರ್ ಹಾಕಿಸಬೇಕು, ತೆರಿಗೆ ಕಟ್ಟಬೇಕು.

ದೆಹಲಿಯ ಗಾಡಿ ಅಗ್ಗ ಅಂತ ಕಂಡರೆ ಕಾರಣ ಇದೆ. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲೆ ನ್ಯಾಯಾಲಯದ ನಿರ್ಬಂಧ ಬಂದಿದ್ದರಿಂದ ಎಷ್ಟೋ ಕಾರುಗಳು ಹೊರಗೆ ಹೋಗುತ್ತಿವೆ. ನೋಂದಣಿ ರದ್ದಾಗಿದೆಯಾ, ಎನ್‌ಒಸಿ ಸಿಗುತ್ತದಾ ಅನ್ನುವುದು ಕೈಗೆ ಕಾಗದ ಬರುವವರೆಗೂ ಗೊತ್ತಾಗುವುದಿಲ್ಲ.

ನೋಂದಣಿ ಅವಧಿ ಮುಗಿದಿದ್ದರೆ ನವೀಕರಣದ ಖರ್ಚು ಮೊದಲೇ ಲೆಕ್ಕ ಹಾಕಿ. ಖಾಸಗಿ ಕಾರಿಗೆ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಿದರು. ತಡವಾದರೆ ತಿಂಗಳಿಗೆ 500ರಂತೆ ಸೇರುತ್ತದೆ. ಇದರ ಮೇಲೆ ಹಸಿರು ತೆರಿಗೆ ಬೇರೆ. ಕೊಳ್ಳುವ ಮುಂಚೆ ಆರ್‌ಸಿ ನಕಲು ಹಿಡಿದು ನಿಮ್ಮ ಆರ್‌ಟಿಒ ಕಚೇರಿಯಲ್ಲೇ ಒಟ್ಟು ಎಷ್ಟಾಗುತ್ತದೆ ಅಂತ ಕೇಳಿ. ಒಂದು ಬೆಳಗ್ಗೆ ಹೋಗುತ್ತದೆ, ಹೋಗಲಿ.

ನಿಲ್ಲಿಸಬೇಕಾದ ಜಾಗ: ಚಾಸಿ ನಂಬರ್ ಆರ್‌ಸಿಗೆ ತಾಳೆಯಾಗದಿದ್ದರೆ, ಅಥವಾ ಪೆನ್ಸಿಲ್ ಪ್ರಿಂಟ್ ಕೊಡಲು ಒಪ್ಪದಿದ್ದರೆ, ಮಾತು ಮುಗಿಸಿ. ಬೆಲೆ ಇಳಿಸಿದರೂ ಬೇಡ.

ಲಕ್ಷಣ: ಫೋಟೊದಲ್ಲಿ ಕಾರು ವಿಪರೀತ ಹೊಳೆಯುತ್ತಿದೆ

ಹೊಸ ಬಣ್ಣ ಅಂದರೆ ಕೆಳಗಿರುವುದನ್ನು ಮುಚ್ಚಿದ್ದಾರೆ ಅಂತ ಇಟ್ಟುಕೊಳ್ಳಿ. ಪದ್ಮಿನಿಗೆ ಲಾರಿಯ ಥರ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅಂಬಾಸಿಡರೂ ಹಾಗೇ. ಅದಕ್ಕೇ ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ಕೂರುವ ಜಾಗ ಕೊಳೆತರೆ ಅದು ಬರೀ ಅಂದದ ಪ್ರಶ್ನೆಯಲ್ಲ. ಕಾರಿನ ಬೆನ್ನುಮೂಳೆಯೇ ಹೋದ ಹಾಗೆ.

ಫೋಟೊದಲ್ಲಿ ನೋಡಬೇಕಾದದ್ದು ಹೀಗಿದೆ. ಕಾರನ್ನು ನೀರು ಹಾಕಿ ಒದ್ದೆ ಮಾಡಿ ತೆಗೆದಿದ್ದಾರಾ? ನೀರು ಏರುಪೇರನ್ನು ಮರೆಸುತ್ತದೆ, ಒಣಗಿದ ಕಾರಿನ ಫೋಟೊ ಕೇಳಿ. ಬಾಗಿಲ ಹೊಳಪಿನಲ್ಲಿ ಲೈಟ್ ಕಂಬದ ಪ್ರತಿಬಿಂಬ ಕಾಣುತ್ತಿದ್ದರೆ ಆ ಗೆರೆ ನೆಟ್ಟಗಿದೆಯಾ ನೋಡಿ. ಹಾವಿನ ಥರ ಹರಿದಿದ್ದರೆ ಅಲ್ಲಿ ಪುಟ್ಟಿ ಇದೆ. ಬಾಗಿಲ ಸುತ್ತಲಿನ ಸಂದು ಮೇಲೆ ತೆಳು, ಕೆಳಗೆ ದಪ್ಪ ಅಂದರೆ ಬಾಡಿ ಇಳಿದಿದೆ.

ಆಮೇಲೆ ಯಾರೂ ತಾವಾಗಿ ಹಾಕದ ಫೋಟೊಗಳನ್ನು ಕೇಳಿ: ಮ್ಯಾಟ್ ಎತ್ತಿ ನೆಲದ ತಗಡು, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದ ಗುಂಡಿ, ಬ್ಯಾಟರಿ ಕೂರುವ ತಟ್ಟೆಯ ಕೆಳಗೆ, ಜಾಕ್ ಕೊಡುವ ಜಾಗ, ಹೆಡ್‌ಲೈಟ್ ಹಿಂದೆ ಮಡ್‌ಗಾರ್ಡ್ ಒಳಮೈ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಅದರದ್ದೂ ಒಂದು. 1409 ಅಂತ ಇದ್ದರೆ 2009ರ 14ನೇ ವಾರದ ಟಯರ್ ಅಂತ ಅರ್ಥ. ಮೇಲಿನ ಗೀರುಗಳು ಎಷ್ಟೇ ಆಳ ಇದ್ದರೂ ಆ ರಬ್ಬರ್ ಸತ್ತಿದೆ.

ಮೀಟರಿನ ಕಿಲೋಮೀಟರ್ ನಂಬಬೇಡಿ. ಅದರಲ್ಲಿ ಐದೇ ಅಂಕಿ, 99,999 ಆದ ಮೇಲೆ ಮತ್ತೆ ಸೊನ್ನೆ. ಬದಲಿಗೆ ಕ್ಲಚ್ ಪೆಡಲ್ ರಬ್ಬರಿನ ಫೋಟೊ ನೋಡಿ, ಅದು ಸವೆದಷ್ಟೂ ಕಾರು ಹೆಚ್ಚು ಓಡಿದೆ.

ಯಾರಾದರೂ ಪರಿಚಯದವರು ಆ ಊರಲ್ಲಿದ್ದರೆ ಒಂದು ಫ್ರಿಜ್ ಮ್ಯಾಗ್ನೆಟ್ ಕೊಟ್ಟು ಕಳಿಸಿ, ತೆಳು ಬಟ್ಟೆಯಲ್ಲಿ ಸುತ್ತಿ. ತಗಡಿಗೆ ಅಂಟುತ್ತದೆ, ದಪ್ಪ ಪುಟ್ಟಿಗೆ ಅಂಟುವುದಿಲ್ಲ. ನನ್ನ ಕಾರಿನಲ್ಲಿ ಎಡಗಡೆ ಪಟ್ಟಿಯ ಮೇಲೆ ಇಟ್ಟ ಮ್ಯಾಗ್ನೆಟ್ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಒಂದು ಕಡೆಯೂ ನಿಲ್ಲಲಿಲ್ಲ. ಜಾರಿ ಜಾರಿ ಚಪ್ಪಲಿ ಮೇಲೆ ಬಿತ್ತು.

ಈಗ ಟ್ಯಾಕ್ಸಿ ಕಥೆ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರಲ್ಲಿ. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್‌ಗೆ ಅವುಗಳ ಓಡಾಟ ಮುಗಿಯಿತು. ಹೆಚ್ಚಿನವು ಗುಜರಿಗೆ ಹೋದವು. ಕೆಲವು ಬಣ್ಣ ಬಳಿಸಿಕೊಂಡು "ಒಬ್ಬರೇ ಮಾಲೀಕರು, ಡಾಕ್ಟರ್ ಇಟ್ಟಿದ್ದ ಕಾರು" ಆದವು. ಪತ್ತೆ ಮಾಡೋದು ಕಷ್ಟವಿಲ್ಲ. ಮೇಲಿನ ಲೈನಿಂಗ್ ಬಟ್ಟೆ ಒಂದು ಮೂಲೆಯಲ್ಲಿ ಸರಿಸಿದರೆ ಹಳದಿ ಕಾಣುತ್ತದೆ. ಬಾಗಿಲ ಒಳಪಟ್ಟಿಯಲ್ಲಿ ಕಪ್ಪು. ಟ್ಯಾಕ್ಸಿ ಮೀಟರ್ ಹೊರಗಡೆ, ಮುಂದೆ ಎಡಕ್ಕೆ ಇರುತ್ತಿತ್ತಲ್ಲ, ಅಲ್ಲಿ ಸ್ಕ್ರೂ ತೂತು ಮುಚ್ಚಿದ ಗುರುತು. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕಟ್ಟಿದ್ದ ಪಟ್ಟಿಯ ತೂತುಗಳು. ನನ್ನದರಲ್ಲಿ ಈ ನಾಲ್ಕೂ ಇದ್ದವು.

ಟ್ಯಾಕ್ಸಿ ಆಗಿದ್ದರೆ ತೆಗೆದುಕೊಳ್ಳಲೇಬಾರದು ಅಂತಲ್ಲ. ಎಷ್ಟೋ ಡ್ರೈವರುಗಳು ಗಾಡಿಯನ್ನು ಮಗುವಿನ ಥರ ನೋಡಿಕೊಂಡಿರುತ್ತಾರೆ. ಆದರೆ ಬೆಲೆ ಟ್ಯಾಕ್ಸಿಯದ್ದೇ ಇರಬೇಕು, ಅಲ್ವಾ?

ಮೂಲ ಕಾರು ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗಬೇಕಾದರೆ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೋ ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ಸಂಗ್ರಹಾಲಯಕ್ಕೋ ಒಮ್ಮೆ ಹೋಗಿಬನ್ನಿ. ಬೀಡಿಂಗ್, ಹಿಡಿಕೆ, ಬ್ಯಾಡ್ಜ್ ಎಲ್ಲ ಹತ್ತಿರದಿಂದ ನೋಡಿ.

ಲಕ್ಷಣ: ವಿಡಿಯೊ ಶುರುವಾಗುವಾಗಲೇ ಇಂಜಿನ್ ಓಡುತ್ತಿದೆ

ಬಿಸಿ ಇಂಜಿನ್ ಎಲ್ಲ ತಪ್ಪನ್ನೂ ಮುಚ್ಚಿಡುತ್ತದೆ. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವ ವಿಡಿಯೊ ಬೇಕು. ಮೊದಲು ರೇಡಿಯೇಟರ್ ಮೇಲೆ ಬರಿಗೈ ಇಟ್ಟು ತೋರಿಸಲಿ, ಆಮೇಲೆ ಕೀ ತಿರುಗಿಸಲಿ, ಆಮೇಲೆ ಹಾಗೇ ನಡೆದುಕೊಂಡು ಹೋಗಿ ಸೈಲೆನ್ಸರ್ ತೋರಿಸಲಿ. ನಡುವೆ ಕಟ್ ಇರಬಾರದು.

ಹೊಗೆಯ ಬಣ್ಣ ನೋಡಿ. ಸ್ಟಾರ್ಟ್ ಆದ ಕೂಡಲೇ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಗೈಡ್ ಸವೆದಿದೆ. ಆ್ಯಕ್ಸಿಲರೇಟರ್ ಒತ್ತಿದಷ್ಟೂ ನೀಲಿ ಬರುತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರಿನ ಒಳಗೋಡೆ (ಬೋರ್) ಸವೆದಿದೆ, ಅಂದರೆ ಇಂಜಿನ್ ಬಿಚ್ಚಬೇಕು. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಚೋಕ್ ಸಿಕ್ಕಿಹಾಕಿಕೊಂಡಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು, ಕಾರ್ಬ್ಯುರೇಟರ್ ಫ್ಲೋಟ್ ಕೆಟ್ಟಿರಬಹುದು. ಎಲ್ಲವೂ ಸಣ್ಣ ಕೆಲಸ. ಚಳಿಯ ಬೆಳಗ್ಗೆ ತೆಳು ಬಿಳಿ ಆವಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದು, ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಲೋಳೆ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಇದಕ್ಕಿಂತ ಮುಂದಿನದ್ದು ಆ ಊರಿನ ಮೆಕ್ಯಾನಿಕ್ ಕೈಯಲ್ಲಿ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ನೋಡಿಸುವುದು. ಮಾರುವವರು ಹೇಳಿದ ಮೆಕ್ಯಾನಿಕ್ ಅಲ್ಲ, ನೀವು ಹುಡುಕಿ ದುಡ್ಡು ಕೊಟ್ಟವರು. ನಾಲ್ಕು ಸಿಲಿಂಡರ್‌ಗಳಲ್ಲಿ ಒಂದು ಮಾತ್ರ ತೀರಾ ಕಡಿಮೆ ತೋರಿಸಿದರೆ, ಸ್ಪಾರ್ಕ್ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಲು ಹೇಳಿ. ಏರಿದರೆ ತಪ್ಪು ರಿಂಗಿನದ್ದು. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನದ್ದು.

ತಣ್ಣಗಿನ ಸ್ಟಾರ್ಟ್ ತೋರಿಸಲು ಮೂರು ಸಲ ಕೇಳಿದರೂ ಮೂರು ನೆಪ ಬಂದರೆ ಬಿಟ್ಟುಬಿಡಿ.

ಲಕ್ಷಣ: ಲಾರಿಯಿಂದ ಇಳಿದ ಕಾರು ಫೋಟೊದ ಕಾರಿನ ಥರ ಇಲ್ಲ

ಇಳಿಸುವ ಮುಂಚೆಯೇ, ಕಾರು ಇನ್ನೂ ಲಾರಿ ಮೇಲಿರುವಾಗಲೇ ಸುತ್ತಲೂ ವಿಡಿಯೊ ಮಾಡಿ. ಡ್ರೈವರ್ "ಬೇಗ ಸಾರ್" ಅನ್ನುತ್ತಾನೆ. ಟೀ ಕೊಡಿಸಿ. ದಾರಿಯಲ್ಲಿ ಆದ ಪೆಟ್ಟನ್ನು ರಸೀದಿಯ ಮೇಲೆ ಬರೆದು ಆಮೇಲೆ ಸಹಿ ಹಾಕಿ. ಹಳೇ ಕಾರನ್ನು ಸಾವಿರ ಕಿಲೋಮೀಟರ್ ಓಡಿಸಿಕೊಂಡು ಬರುವ ಸಾಹಸ ಮಾತ್ರ ಬೇಡ.

ವ್ಯಾಪಾರ ಮಾಡುವವರಿಂದ ಕೊಂಡಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಗ್ರಾಹಕ ಆಯೋಗಕ್ಕೂ ಹೋಗಬಹುದು. ಮನೆಯ ಕಾರು ಮಾರಿದ ಒಬ್ಬ ವ್ಯಕ್ತಿಯಿಂದ ಕೊಂಡಿದ್ದರೆ ಆ ದಾರಿ ಕಷ್ಟ, ವಕೀಲರನ್ನೇ ಕೇಳಬೇಕು. ಎರಡಕ್ಕೂ ಆಸರೆ ನಿಮ್ಮ ಹಳೇ ಚಾಟ್‌ಗಳು. ಒಂದನ್ನೂ ಅಳಿಸಬೇಡಿ.

ಲಕ್ಷಣ: ಪೆಟ್ರೋಲ್ ವಾಸನೆ, ಸುಟ್ಟ ವೈರ್ ವಾಸನೆ

ಇದು ಬಂದರೆ ಕೀ ಮುಟ್ಟಬೇಡಿ. ಬ್ಯಾಟರಿಯ ಅರ್ಥ್ ತಂತಿ ಬಿಚ್ಚಿ. ಸಾಮಾನ್ಯವಾಗಿ ಅದು ನೆಗೆಟಿವ್, ಆದರೆ ಹಳೇ ಅಂಬಾಸಿಡರ್‌ಗಳಲ್ಲಿ ಪಾಸಿಟಿವ್ ತಂತಿಯನ್ನು ಕಾರಿನ ತಗಡಿಗೆ ಕಟ್ಟಿರುತ್ತಾರೆ, ನೋಡಿ ಬಿಚ್ಚಿ. ಕಾರನ್ನು ಬಯಲಿಗೆ ತಳ್ಳಿ. ಹತ್ತಿರ ಬೀಡಿ, ಊದುಬತ್ತಿ ಏನೂ ಬೇಡ. ಹೊಸ ಗಾಡಿ ಅಂತ ಆರತಿ ಎತ್ತಲು ಬಂದಿದ್ದ ನಮ್ಮ ಅತ್ತೆಯವರನ್ನು ನಾನು ಗೇಟಿನ ಹತ್ತಿರವೇ ತಡೆದಿದ್ದೆ.

ವಾಸನೆಗೆ ಕಾರಣ ಹೆಚ್ಚಾಗಿ ರಬ್ಬರ್ ಪೈಪು. ಈಗ ಬಂಕಿನಲ್ಲಿ ಸಿಗುವುದು 20 ಶೇಕಡ ಎಥನಾಲ್ ಸೇರಿದ ಪೆಟ್ರೋಲ್. ಆ ಕಾಲದ ರಬ್ಬರಿಗೆ, ಕಾರಿನಲ್ಲೇ ಇರುವ ಪೆಟ್ರೋಲ್ ಎಳೆಯುವ ಪಂಪಿನೊಳಗಿನ ಡಯಾಫ್ರಾಮಿಗೆ (ತೆಳು ಪೊರೆಗೆ) ಅದು ಆಗಿಬರುವುದಿಲ್ಲ. ಉಬ್ಬಿ, ಬಿರಿದು, ಸೋರುತ್ತದೆ. ಎಥನಾಲ್ ತಡೆಯುವ ಪೈಪು ಸಿಗುತ್ತದೆ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಸುಟ್ಟ ವೈರ್ ಆದರೆ ಆಟೊ ಎಲೆಕ್ಟ್ರಿಷಿಯನ್ ಬರುವವರೆಗೆ ಬ್ಯಾಟರಿ ಜೋಡಿಸಲೇಬೇಡಿ.

ಲಕ್ಷಣ: ಬ್ರೇಕ್ ಪೆಡಲ್ ಮೆತ್ತಗೆ ಕೆಳಗಿಳಿಯುತ್ತಿದೆ

ಸ್ಟಾರ್ಟ್ ಮಾಡುವ ಮುಂಚೆ ನಿಂತಲ್ಲೇ ಒತ್ತಿ ನೋಡಿ. ಎರಡು ಮೂರು ಸಲ ಒತ್ತಿದ ಮೇಲೆ ಗಟ್ಟಿಯಾದರೆ ಒಳಗೆ ಗಾಳಿ ಇದೆ, ಅಥವಾ ಬ್ರೇಕ್ ಶೂ ಹೊಂದಿಸಬೇಕು. ಒತ್ತಿ ಹಿಡಿದಾಗ ನಿಧಾನಕ್ಕೆ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿದೆ. ಚಕ್ರದ ಒಳಮೈ ಒದ್ದೆ ಇದ್ದರೆ ವೀಲ್ ಸಿಲಿಂಡರ್ ಸೋರುತ್ತಿದೆ.

ಇಲ್ಲಿ ಅಗ್ಗದ ಪರೀಕ್ಷೆ ಇಷ್ಟೇ. ಇದಕ್ಕಿಂತ ಮುಂದೆ ನಿಮ್ಮ ಕೆಲಸವಲ್ಲ. ಹಳೇ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಬ್ರೇಕ್ ಲೈನ್ ಇರುತ್ತದೆ. ಒಂದು ಕಡೆ ಒಡೆದರೆ ನಾಲ್ಕೂ ಹೋಯಿತು. "ಬೀದಿ ತುದಿಯವರೆಗೆ ಒಂದು ರೌಂಡ್" ಕೂಡ ಬೇಡ. ಕೆಳಗೆ ತೂರಿ ನೋಡುವ ಆಸೆ ಬಂದರೆ ಬರೀ ಜಾಕ್ ನಂಬಬೇಡಿ. ಜಾಕ್ ಕೊಡುವ ಜಾಗವೇ ಕೊಳೆತಿರುತ್ತದೆ. ನನ್ನದರಲ್ಲಿ ಜಾಕ್ ಮೇಲೇರಿತು, ಕಾರು ಏರಲಿಲ್ಲ. ತಗಡನ್ನು ತೂತು ಮಾಡಿಕೊಂಡು ಒಳಗೆ ಹೋಯಿತು.

ಲಕ್ಷಣ: ಸ್ಟಾರ್ಟ್ ಆಗುತ್ತಿಲ್ಲ

ಸೆಲ್ಫ್ ಹೊಡೆದಾಗ ಟಕ್ ಅಂತ ಮಾತ್ರ ಶಬ್ದ ಬಂದರೆ ಬ್ಯಾಟರಿ ಟರ್ಮಿನಲ್ ಬಿಚ್ಚಿ, ಉಪ್ಪು ಕಾಗದದಲ್ಲಿ ಉಜ್ಜಿ, ಬಿಗಿಮಾಡಿ. ಅರ್ಧ ಕಾರುಗಳು ಇಲ್ಲೇ ಎದ್ದುಬಿಡುತ್ತವೆ. ಇಂಜಿನ್ ತಿರುಗುತ್ತದೆ ಆದರೆ ಹಿಡಿಯುತ್ತಿಲ್ಲ ಅಂದರೆ ಎರಡೇ ಪ್ರಶ್ನೆ: ಕಿಡಿ ಇದೆಯಾ, ಪೆಟ್ರೋಲ್ ಇದೆಯಾ?

ಕಿಡಿಗೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಬ್ಬಿ) ಮುಚ್ಚಳ ತೆಗೆದು ಪಾಯಿಂಟ್, ಅಂದರೆ ಒಳಗೆ ತೆರೆದು ಮುಚ್ಚುವ ಸಣ್ಣ ಲೋಹದ ತುದಿಗಳನ್ನು ನೋಡಿ. ಸುಟ್ಟು ಕಪ್ಪಾಗಿದ್ದರೆ ಉಜ್ಜಿ, ಸಂದು ಸುಮಾರು 0.4 ಮಿಲಿಮೀಟರ್ ಇರಲಿ. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡ್ ಸಾಕು, ಹಳೇ ಮೆಕ್ಯಾನಿಕ್‌ಗಳೆಲ್ಲ ಅದರಲ್ಲೇ ಕೆಲಸ ಮುಗಿಸುತ್ತಿದ್ದರು. ಪೆಟ್ರೋಲ್‌ಗೆ ಮೊದಲು ಟ್ಯಾಂಕ್ ಮುಚ್ಚಳ ತೆಗೆದು ಮೂಸಿ. ವಾರ್ನಿಶ್ ಥರ ವಾಸನೆ ಬಂದರೆ ಅದು ವರ್ಷಗಟ್ಟಲೆ ನಿಂತ ಪೆಟ್ರೋಲ್, ಖಾಲಿ ಮಾಡಿಸಿ. ಫಿಲ್ಟರಿನಲ್ಲಿ ಇಟ್ಟಿಗೆ ಪುಡಿಯಂಥದ್ದು ಕಂಡರೆ ಟ್ಯಾಂಕ್ ಒಳಗೆ ತುಕ್ಕು. ಟ್ಯಾಂಕ್ ಇಳಿಸಿ ತೊಳೆಸದೆ ಎಷ್ಟು ಫಿಲ್ಟರ್ ಹಾಕಿದರೂ ಮತ್ತೆ ನಿಲ್ಲುತ್ತದೆ.

ಇಂಜಿನ್ ತಿರುಗುವುದೇ ಇಲ್ಲ, ತಳ್ಳಿದರೂ ಗೇರಿನಲ್ಲಿ ಚಕ್ರ ಎಳೆದುಕೊಂಡು ಬರುತ್ತದೆ ಅಂದರೆ ಬಲ ಹಾಕಬೇಡಿ. ಜಾಮ್ ಆಗಿದೆ, ಮೆಕ್ಯಾನಿಕ್ ಬರಲಿ.

ಲಕ್ಷಣ: ಟ್ರಾಫಿಕ್‌ನಲ್ಲಿ ಬಿಸಿಯಾಗಿ ನಿಂತುಬಿಡುತ್ತದೆ

ತಣ್ಣಗಿರುವಾಗ ನೀರು ನೋಡಿ, ಫ್ಯಾನ್ ಬೆಲ್ಟ್ ಒತ್ತಿ ನೋಡಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ನೀರು, ಬೆಲ್ಟ್ ಎರಡೂ ಸರಿ ಇದ್ದರೆ ಥರ್ಮೋಸ್ಟಾಟ್, ಆಮೇಲೆ ರೇಡಿಯೇಟರ್ ಒಳಗೆ ಕಟ್ಟಿದ ಉಪ್ಪು. ಇಷ್ಟಾದರೂ ನೀರು ಕಡಿಮೆಯಾಗುತ್ತಲೇ ಇದ್ದು ಎಲ್ಲೂ ಸೋರುವುದು ಕಾಣದಿದ್ದರೆ ಹೆಡ್ ಗ್ಯಾಸ್ಕೆಟ್.

ಮುಳ್ಳು ಕೆಂಪಿಗೆ ಹೋಗಿಲ್ಲ, ಆದರೂ ಬಿಸಿಲಲ್ಲಿ ಸಿಗ್ನಲ್‌ಗೆ ನಿಂತ ಕಾರು ಮತ್ತೆ ಎದ್ದಿಲ್ಲ ಅಂದರೆ ಕಾರಿನ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಐದು ನಿಮಿಷ ಕಾಯಿರಿ. ನಮ್ಮ ತಂದೆ ಸೀಟಿನ ಕೆಳಗೆ ಯಾವಾಗಲೂ ಒಂದು ಹಳೇ ಟವೆಲ್, ಒಂದು ಬಾಟಲಿ ನೀರು ಇಡುತ್ತಿದ್ದರು. ಅದು ಯಾಕೆ ಅಂತ ನನಗೆ ಗೊತ್ತಾದದ್ದು ಕೊಲಂಬಿಯಾ ಏಷ್ಯಾ ಜಂಕ್ಷನ್ನಿನಲ್ಲಿ, ಹಿಂದೆ ಇಪ್ಪತ್ತು ಗಾಡಿಗಳು ಹಾರ್ನ್ ಹೊಡೆಯುತ್ತಿದ್ದಾಗ.

ಲಕ್ಷಣ: ಗೇರ್ ಬೀಳುತ್ತಿಲ್ಲ

ಕೊನೆಯದಾಗಿ ಒಂದು ಒಳ್ಳೇ ಸುದ್ದಿ. ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿ ಗಡಗಡ ಅಲ್ಲಾಡುತ್ತದೆ, ಒಂದನೇ ಗೇರಿಗೆ ಹಾಕಿದರೆ ಮೂರಕ್ಕೆ ಹೋಗುತ್ತದೆ, ರಿವರ್ಸ್ ಸಿಗುವುದೇ ಇಲ್ಲ. ಇದನ್ನು ಕಂಡು ಹೊಸಬರು ಗೇರ್‌ಬಾಕ್ಸ್ ಹೋಯಿತು ಅಂತ ಹೆದರುತ್ತಾರೆ. ಮಾರುವವರೂ ಹೆದರಿ ಬೆಲೆ ಇಳಿಸುತ್ತಾರೆ. ಬಾನೆಟ್ ಎತ್ತಿ, ಒಬ್ಬರು ಒಳಗೆ ಕೂತು ಕಡ್ಡಿ ಅಲ್ಲಾಡಿಸಲಿ, ನೀವು ಕಡ್ಡಿಯಿಂದ ಗೇರ್‌ಬಾಕ್ಸಿಗೆ ಹೋಗುವ ಸರಳುಗಳನ್ನು ನೋಡಿ. ಸರಳು ಕೂರುವ ಕಡೆ ಕಡ್ಡಿ ಅಲ್ಲಾಡಿದರೂ ಸರಳು ಅಲ್ಲಾಡುವುದಿಲ್ಲ ಅಂದರೆ ಬುಷ್ (ಕೀಲಿನೊಳಗಿನ ಸಣ್ಣ ಬಳೆ) ಸವೆದಿದೆ, ಅಷ್ಟೆ. ಗೇರ್ ಬಿದ್ದ ಮೇಲೆ ಓಡುವಾಗ ಒಳಗಿಂದ ಕೊರೆಯುವ ಶಬ್ದ ಬಂದರೆ ಮಾತ್ರ ಗೇರ್‌ಬಾಕ್ಸ್ ಬಿಚ್ಚಬೇಕು.

ನನ್ನ ಕಾರಿನಲ್ಲಿ ಸುಲಭಕ್ಕೆ ಸರಿಹೋದದ್ದು ಇದೊಂದೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರನೇ ಅಂಗಡಿಯಲ್ಲಿ ಬುಷ್ ಸಿಕ್ಕಿತು. ಅಂಗಡಿಯವರು ಹಳೇ ಬಿಸ್ಕತ್ತಿನ ಡಬ್ಬಿಯಿಂದ ಹುಡುಕಿ ತೆಗೆದು, ಧೂಳು ಊದಿ, ಪತ್ರಿಕೆ ಚೂರಿನಲ್ಲಿ ಸುತ್ತಿಕೊಟ್ಟರು. ಅದಕ್ಕೆ ಕೊಟ್ಟದ್ದಕ್ಕಿಂತ ಅವತ್ತು ಪಾರ್ಕಿಂಗ್‌ಗೆ ಕೊಟ್ಟದ್ದೇ ಜಾಸ್ತಿ.